ಏಳು ಗಂಟೆಯ ನೀರು

ಮೂವತ್ತೊಂದು ವರ್ಷ ತಿಸಾ ಹೊಳೆಯನ್ನು ನಾನು
ಕಿವಿಯಲ್ಲೇ ನೋಡಿದವಳು.
ಸೊಲ್ನೋಕಿನ ನೀರಿನ ಕಚೇರಿ, ಎರಡನೆಯ ಮಹಡಿ,
ಬೆಳಗ್ಗೆ ಏಳಕ್ಕೆ ಕಪ್ಪು ಫೋನು ಗಣಗಣ.
"ಹೇಳಿ" ಅನ್ನುತ್ತಿದ್ದೆ, ಅಷ್ಟೇ.
ಅತ್ತಲಿಂದ ಒಂದು ಊರು, ಒಂದು ಅಂಕಿ:
ನಾಜ್‌ಫ್ಯೂಜ್, ಇನ್ನೂರ ಹದಿನಾಲ್ಕು.
ಕಿಶ್‌ಗಾತ್, ನೂರ ತೊಂಬತ್ತು, ಇಳಿಯುತ್ತಿದೆ.
ಹೊಳೆ ಉಕ್ಕಿದ ವರ್ಷ ನನ್ನ ಅಕ್ಷರ ಸಣ್ಣಗಾಗುತ್ತಿತ್ತು,
ಅಷ್ಟು ನೀರು ಒಂದು ಕಾಲಮ್ಮಿನಲ್ಲಿ ಹಿಡಿಸಬೇಕಲ್ಲ.

ಈಗ ಅರವತ್ತೆಂಟು.
ಮೂರು ಗೇರಿನ ಹಸಿರು ಸೈಕಲ್ಲು, ಬುಟ್ಟಿಯಲ್ಲಿ
ಬ್ರೆಡ್ಡು, ಈರುಳ್ಳಿ, ಮಂಡಿಗೆ ಕರ್ಪೂರದ ಮುಲಾಮು.
ರೊಜಾಲಿಯ ಯಾವಾಗಲೂ ಮುಂದೆ.
ಲೆಕ್ಕದ ವಿಭಾಗದವಳು, ನನಗಿಂತ ಮೂರು ವರ್ಷ ದೊಡ್ಡವಳು,
ಒಂದು ಮಂಡಿ ಉಕ್ಕಿನದು.
"ತುಕ್ಕು ಹಿಡಿಯೋ ಮೊದಲು ತುಳಿ" ಅನ್ನುತ್ತಾಳೆ, ತಿರುಗಿ ನೋಡದೆ.

ಒಡ್ಡಿನ ಮೇಲೆ ದಾರಿ, ಬೈತಲೆಯ ಹಾಗೆ.
ಒಂದು ಕಡೆ ಸೂರ್ಯಕಾಂತಿ, ಕೊಕ್ಕರೆ ಗೂಡಿನ ಕಂಬಗಳು,
ಇನ್ನೊಂದು ಕಡೆ ವಿಲೋ ಮರಗಳ ಆಚೆ ಹೊಳೆ,
ಕಾಣುವುದಿಲ್ಲ, ಇದೆ ಎಂದು ಗೊತ್ತಾಗುತ್ತದೆ.
ಅಜ್ಜಂದಿರ ಕಾಲಕ್ಕೂ ಮೊದಲು ಯಾರೋ ಪಟ್ಟಿಯಿಟ್ಟು
ಅದನ್ನು ನೆಟ್ಟಗೆ ಮಾಡಿದರು.
ಬಿಟ್ಟುಹೋದ ತಿರುವುಗಳಿಗೆ ಸತ್ತ ತಿಸಾ ಎಂದು ಹೆಸರು.
ಸತ್ತದ್ದರ ತುಂಬ ನೈದಿಲೆ, ಕಪ್ಪೆಗಳ ಗಲಾಟೆ,
ಗಾಳ ಹಿಡಿದು ನಿದ್ದೆ ಹೋದ ಒಬ್ಬ ಹುಡುಗ.
ನಾವು ಅದನ್ನೇ ಬಳಸಿ ಹೋದೆವು, ಒಂಬತ್ತು ಕಿಲೋಮೀಟರು ಹೆಚ್ಚು.
ರೊಜಾಲಿಯ ಗೊಣಗಿದಳು, ನೈದಿಲೆ ಕಂಡು ಸುಮ್ಮನಾದಳು,
ಆಮೇಲೆ ನೆನಪಾಗಿ ಮತ್ತೆ ಗೊಣಗಿದಳು.

ದೋಣಿಗಟ್ಟೆಯ ಹತ್ತಿರ ಮುಳ್ಳು.
ಹಿಂದಿನ ಚಕ್ರ ಉಸ್ಸೆಂದು ಕೂತೇಬಿಟ್ಟಿತು.
ಟ್ಯೂಬು ಬಿಚ್ಚಿ, ಗಾಳಿ ತುಂಬಿ, ನೀರಿಗೆ ಅದ್ದಿದೆ.
ಇಷ್ಟು ವರ್ಷದಲ್ಲಿ ಅದನ್ನು ಮೊದಲ ಸಲ ಮುಟ್ಟಿದ್ದು
ಹೀಗೆ, ಮೊಣಕೈವರೆಗೆ, ಗ್ರೀಸು ಮೆತ್ತಿದ ಕೈಯಲ್ಲಿ.
ಬೆಚ್ಚಗಿತ್ತು. ಅದು ಯಾವ ಅಂಕಿಯಲ್ಲೂ ಇರಲಿಲ್ಲ.
ಒಂದೆಡೆಯಿಂದ ಗುಳ್ಳೆಗಳ ಸಾಲು ಎದ್ದಿತು:
ಇಲ್ಲಿ, ಇಲ್ಲಿ, ಇಲ್ಲಿ.

ಕಿಶ್‌ಗಾತ್.
ಕಲ್ಲುಮೆಟ್ಟಿಲಿಗೆ ಜಡಿದ ಕಬ್ಬಿಣದ ಪಟ್ಟಿ,
ಕಪ್ಪು ಬಿಳಿ ಗೆರೆ. ಪಕ್ಕದಲ್ಲಿ ಹೊಸ ಪೆಟ್ಟಿಗೆಯೊಂದು
ಬಿಸಿಲು ತಿಂದು ಎಲ್ಲಿಗೋ ತಾನೇ ಸುದ್ದಿ ಕಳಿಸುತ್ತದೆ.
ಈ ಊರಿನ ದನಿ ಅಂಕಿಗೆ ಮೊದಲು ಕೆಮ್ಮುತ್ತಿತ್ತು.
ಒಂದೇ ಒಂದು ಸಲ, ಏಪ್ರಿಲಿನಲ್ಲಿ, ಹೆಚ್ಚಿಗೆ ಮಾತಾಡಿತ್ತು:
"ನೂರ ಅರವತ್ತು. ಏಪ್ರಿಕಾಟ್ ಹೂಬಿಟ್ಟಿದೆ."
ಷರಾ ಕಾಲಮ್ಮಿನಲ್ಲಿ ಹಾಗೆಯೇ ಬರೆದೆ,
ಮೇಲಧಿಕಾರಿಯಿಂದ ಬೈಸಿಕೊಂಡೆ.

ಕಲ್ಲಂಗಡಿ ಮಾರುವವಳು ನೀಲಿ ಬಾಗಿಲು ತೋರಿಸಿದಳು.
ವೆಂಡೆಲ್, ಎಂಬತ್ತೇಳು, ಮರದ ಕೆಳಗೆ ಕೂತು
ಹುರುಳಿಕಾಯಿಯ ನಾರು ತೆಗೆಯುತ್ತಿದ್ದ.
ಹೆಸರು ಹೇಳಿದೆ. ಕಚೇರಿ ಹೇಳಿದೆ. ಇಸವಿ ಹೇಳಿದೆ.
ಯಾರದೋ ಮಗಳು ಇರಬೇಕೆಂದು ತಲೆಯಾಡಿಸಿದ.
ಬಂದದ್ದೇ ತಪ್ಪಾಯಿತೇನೋ ಅನ್ನಿಸಿ,
ಕೊನೆಗೆ, ಬೇರೆ ಏನೂ ತೋಚದೆ,
"ಹೇಳಿ" ಅಂದೆ.

ಕೆಮ್ಮಿದ.
ಬೇಲಿಯಾಚೆ ಹೊಳೆಯ ಕಡೆ ಕಣ್ಣು ಕಿರಿದು ಮಾಡಿದ.
"ಕಿಶ್‌ಗಾತ್. ನೂರ ಎಂಬತ್ತು. ಇಳಿಯುತ್ತಿದೆ."
ನನ್ನ ಕೈ ಪೆನ್ಸಿಲಿಗಾಗಿ ತಡಕಾಡಿತು.

ರೊಜಾಲಿಯ ಹೋಗಿ ಪಟ್ಟಿ ನೋಡಿಕೊಂಡು ಬಂದಳು.
"ನೂರ ಎಪ್ಪತ್ತಾರು. ನಾಲ್ಕು ಸೆಂಟಿಮೀಟರು ತಪ್ಪು."
ಇರಲಿ ಬಿಡು ಅಂದೆ. ಬ್ರೆಡ್ಡಿನ ಕಾಗದದ ಮೇಲೆ
ನೂರ ಎಂಬತ್ತು ಎಂದೇ ಬರೆದೆ, ಎಂದಿನ ಸಣ್ಣ ಅಕ್ಷರದಲ್ಲಿ.
ಷರಾ: ಏಪ್ರಿಕಾಟ್ ಕೊಟ್ಟರು, ಆರು.
ಹುಳಿ.

ಮುಂದಿನ ಊರು ಹನ್ನೊಂದು ಕಿಲೋಮೀಟರು. ಎದುರುಗಾಳಿ.
ಹಿಂದಿನ ಚಕ್ರಕ್ಕೆ ಇನ್ನೊಂದಿಷ್ಟು ಗಾಳಿ ಹೊಡೆದು,
ಬೆರಳಲ್ಲಿ ಒತ್ತಿ ನೋಡಿ, ಹತ್ತಿದೆ.